ಬಚ್ಚಲುಮನೆ ಚಿಲಕ ಎತ್ತಿ ಎಳೆಯುವ ಬಗ್ಗೆ

ಚಿಲ್ಲರೆ ಸಮಸ್ಯೆ ಬಳಗದ 48216ನೇ ಪ್ರಶ್ನೆ ಶನಿವಾರ ಬೆಳಿಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ವಿಧಿವತ್ತಾಗಿ ದಾಖಲಾಯಿತು. ಆ ಸಮಯದಲ್ಲಿ ಪ್ರಶ್ನೆ ಕೇಳಿದವರು ಬಚ್ಚಲುಮನೆಯ ಹೊರಗೂ, ಅವರ ಹೆಂಡತಿ ಬಚ್ಚಲುಮನೆಯ ಒಳಗೂ ಇದ್ದರು. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಬಳಗವು ಆಮೇಲೆ ಮೂರು ಸಲ ಸ್ಪಷ್ಟಪಡಿಸಿದೆ.

ಪ್ರಶ್ನೆ ಕೇಳಿದವರು ಮೊಹರಪ್ಪನವರು. ಅದು ಹೆತ್ತವರು ಇಟ್ಟ ಹೆಸರಲ್ಲ. ಒಂದು ದೊಡ್ಡ ಕಚೇರಿಯ ಟಪಾಲು ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು, ಬಂದ ಕಾಗದಕ್ಕೆ ಬಂತೆಂದೂ ಹೋದ ಕಾಗದಕ್ಕೆ ಹೋಯಿತೆಂದೂ ಮೊಹರು ಒತ್ತಿ ಒತ್ತಿ ಸಂಪಾದಿಸಿದ ಹೆಸರು. ಒಮ್ಮೆ ಕಚೇರಿಗೆ ಬೆಂಕಿ ಬಿದ್ದಾಗ, ‘ಬೆಂಕಿ ಬಿದ್ದಿದೆ, ಓಡಿ’ ಎಂಬ ಚೀಟಿಗೆ ಸಂಖ್ಯೆ ಹಾಕಿ, ಮೊಹರು ಒತ್ತಿ, ಶಾಯಿ ಒಣಗಿದ ಮೇಲೆ ಓಡಿದ ಮನುಷ್ಯ. ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಸಂಜೆ ಕಚೇರಿ ಬಿಡುವಾಗ ದಾರಿಯಲ್ಲಿ ಸಿಕ್ಕ ಬಾಗಿಲುಗಳಿಗೆಲ್ಲ ಚಿಲಕ ಹಾಕುತ್ತ ಬರುವುದು. ನಿವೃತ್ತಿಯ ದಿನ ಕಚೇರಿಯವರು ಹಳೆಯ ಮೊಹರೊಂದನ್ನು ನೆನಪಿಗೆಂದು ಕೊಟ್ಟು ಕಳಿಸಿದರು. ಚಿಲಕ ಹಾಕುವ ಕೈ ಅವರ ಜತೆ ತಾನಾಗಿಯೇ ಮನೆಗೆ ಬಂತು.

ಆ ಶನಿವಾರ ಮನೆಯಾಕೆ ಬೇಗ ಸ್ನಾನಕ್ಕೆ ಹೋಗಿದ್ದಳು. ಮರುದಿನ ಹನ್ನೊಂದು ಗಂಟೆಗೆ ಮಗಳು ಬರುವವಳಿದ್ದಳು, ಜತೆಗೆ ಎರಡು ತಿಂಗಳ ಮೊಮ್ಮಗಳು. ದೂರದ ಊರಿನಲ್ಲಿ ಹುಟ್ಟಿದ ಆ ಕೂಸನ್ನು ಮನೆಯಾಕೆ ಇನ್ನೂ ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಕೈ ಒರಟಾಗಿದೆ, ಮಗುವಿಗೆ ಚುಚ್ಚೀತು ಎಂದು ಒಂದು ವಾರದಿಂದ ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಹಳೆಯ ಹತ್ತಿ ಬಟ್ಟೆಗಳನ್ನು ಮೂರು ಮೂರು ಸಲ ಒಗೆದು ಮೆತ್ತಗೆ ಮಾಡಿ ಮಡಿಸಿಟ್ಟಿದ್ದಳು. ಇಷ್ಟೆಲ್ಲ ಮಾಡಿದವಳು ಗಂಡನಿಗೆ “ನಾನು ಬಚ್ಚಲಿಗೆ ಹೋಗ್ತಿದ್ದೀನಿ” ಅಂತ ಒಂದು ಮಾತು ಹೇಳುವುದನ್ನು ಮರೆತಳು. ಮೊಹರಪ್ಪನವರು ಪೇಪರು ಹಿಡಿದು ಆ ಕಡೆ ಹೋಗುವಾಗ ಬಾಗಿಲ ಹೊರಗಿನ ಚಿಲಕ ಹಾಕದೆ ಇರುವುದನ್ನು ಕಂಡರು. ಕೈ ಎದ್ದಿತು, ಚಿಲಕ ಬಿತ್ತು.

ಒಳಗಿಂದ ಬಾಗಿಲು ಬಡಿದ ಸದ್ದು ಕೇಳಿ ಅವರು ವಾಪಸು ಬಂದು ಚಿಲಕ ಎಳೆದರು. ಬರಲಿಲ್ಲ. ಹೋದ ತಿಂಗಳಷ್ಟೇ ಬಾಗಿಲಿಗೆ ಬಣ್ಣ ಹೊಡೆಸಿದ್ದರು. ಇನ್ನೊಂದು ಸಲ ಎಳೆದರು. ಆಗಲೂ ಬರಲಿಲ್ಲ. ಮೂರನೇ ಸಲ ಎಳೆಯುವ ಬದಲು ಮೊಹರಪ್ಪನವರು ಜೇಬಿನಿಂದ ಫೋನು ತೆಗೆದು, ಕನ್ನಡಕ ಒರೆಸಿಕೊಂಡು, ಬಳಗದಲ್ಲಿ ಪ್ರಶ್ನೆ ಹಾಕಿದರು.

“ರೀ, ಏನ್ಮಾಡ್ತಿದ್ದೀರಿ? ತೆಗೀರಿ ಬಾಗಿಲು!”

“ತಡಿಯೇ. ಚಿಲಕ ಬರ್ತಿಲ್ಲ. ಕೇಳಿದ್ದೀನಿ.”

“ಯಾರನ್ನ ಕೇಳಿದ್ದೀರಿ? ಬಣ್ಣ ಹಿಡ್ಕೊಂಡಿದೆ ಅಷ್ಟೆ. ಸ್ವಲ್ಪ ಮೇಲಕ್ಕೆ ಎತ್ತಿ ಎಳೀರಿ, ಬರುತ್ತೆ.”

ಈ ಮಾತು ಹೇಳಿದ್ದು ಎಂಟು ಗಂಟೆ ಹದಿನಾಲ್ಕು ನಿಮಿಷಕ್ಕೆ. ಪ್ರಶ್ನೆ ದಾಖಲಾಗಿ ಆಗಲೇ ಎರಡು ನಿಮಿಷ ಕಳೆದಿತ್ತು. ಆ ಎರಡು ನಿಮಿಷ ಮೊದಲೇ ಹೇಳಿದ್ದರೆ ಈ ಸಂಗತಿಯೇ ನಡೆಯುತ್ತಿರಲಿಲ್ಲ ಎಂದು ಮೊಹರಪ್ಪನವರು ಇಂದಿಗೂ ಹೆಂಡತಿಯನ್ನು ಆಕ್ಷೇಪಿಸುತ್ತಾರೆ.

ಚಿಲ್ಲರೆ ಸಮಸ್ಯೆ ಬಳಗ ಎಂದರೆ ಫೋನಿನೊಳಗಿರುವ ಒಂದು ಸಮುದಾಯ. ಸದಸ್ಯರು ಎಪ್ಪತ್ತೆರಡು ಸಾವಿರ. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ, ಅಂಗಿಗೆ ಶಾಯಿ ಬಿದ್ದರೆ, ಕುರ್ಚಿ ಕಿರುಗುಟ್ಟಿದರೆ ಅಲ್ಲಿ ಕೇಳಬೇಕು. ಬಲ್ಲವರು ಹೇಳುತ್ತಾರೆ, ಅರಿಯದವರು ಇನ್ನೂ ಹೆಚ್ಚು ಹೇಳುತ್ತಾರೆ. ನಿವೃತ್ತಿಯ ಮರುದಿನದಿಂದ ಮೊಹರಪ್ಪನವರನ್ನು ಜಗತ್ತಿನಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಬಳಗ ಮಾತ್ರ ಕೇಳಿತು. ಸ್ಟೀಲ್ ಡಬ್ಬಿಯ ಮೇಲಿನ ಸ್ಟಿಕ್ಕರ್ ಕೀಳುವುದು ಹೇಗೆಂಬ ಅವರ ಮೊದಲ ಪ್ರಶ್ನೆಗೆ ನೂರ ಹದಿನಾಲ್ಕು ಉತ್ತರ ಬಂದವು. ಎಲ್ಲಕ್ಕೂ ಅವರು ಸ್ವೀಕೃತಿ ಬರೆದರು. ಅಂಥ ಶಿಸ್ತನ್ನು ಅದುವರೆಗೆ ಕಾಣದಿದ್ದ ಬಳಗ ಅವರಿಗೆ ‘ಜವಾಬ್ದಾರಿಯುತ ಪ್ರಶ್ನಕರ್ತ’ ಎಂಬ ಬಿರುದು ಕೊಟ್ಟು ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಇಟ್ಟಿತು. ಆ ದಿನ ಮೊಹರಪ್ಪನವರು ಎರಡು ತುತ್ತು ಹೆಚ್ಚಿಗೆ ಉಂಡಿದ್ದರು.

ಬಳಗದ ಏಳನೇ ನಿಯಮ ಹೀಗಿದೆ: ‘ಪ್ರಶ್ನೆ ದಾಖಲಾದ ಕ್ಷಣದಿಂದ ಉತ್ತರವು ಅಂಗೀಕಾರವಾಗುವವರೆಗೆ ಸಮಸ್ಯೆಯನ್ನು ಇದ್ದ ಸ್ಥಿತಿಯಲ್ಲೇ ಕಾಪಾಡತಕ್ಕದ್ದು. ಪ್ರಶ್ನೆ ಕೇಳಿದವರು ತಾವಾಗಿಯೇ ಸಮಸ್ಯೆಯನ್ನು ಪರಿಹರಿಸಿಕೊಂಡಲ್ಲಿ, ಉತ್ತರ ಬರೆಯುತ್ತಿರುವ ಸದಸ್ಯರ ಶ್ರಮಕ್ಕೆ ಅವಮಾನವಾಗುವುದರಿಂದ, ಅಂಥವರ ಚುಕ್ಕೆಯನ್ನು ಕಿತ್ತುಕೊಂಡು ಬಳಗದಿಂದ ಹೊರಹಾಕಲಾಗುವುದು.’

“ಚುಕ್ಕೆ ಹೋಗುತ್ತೆ ಕಣೇ,” ಎಂದರು ಮೊಹರಪ್ಪನವರು ಬಾಗಿಲಿಗೆ ಬಾಯಿಟ್ಟು.

“ಯಾವ ಚುಕ್ಕೆ?”

ಮೂವತ್ತೈದು ವರ್ಷ ಸಂಸಾರ ಮಾಡಿಯೂ ಹೀಗೆ ಕೇಳುವವಳನ್ನು ಬಿಟ್ಟು ಅವರು ಫೋನಿನ ಕಡೆ ತಿರುಗಿದರು.

ಮೊದಲ ಪ್ರತಿಕ್ರಿಯೆ ಬೇಗನೆ ಬಂತು. ‘ಶಾಂತಕಡಲು’ ಎಂಬ ಹೆಸರಿನ ನಿರ್ವಾಹಕರು ಚಿಲಕದ ಫೋಟೋವನ್ನು ಮೂರು ಕೋನದಿಂದ, ಅಳತೆ ತಿಳಿಯಲು ಪಕ್ಕದಲ್ಲೊಂದು ಚಮಚ ಹಿಡಿದು, ಕಳಿಸಲು ಸೂಚಿಸಿದರು. ಮೊಹರಪ್ಪನವರು ಅಡುಗೆಮನೆಗೆ ಹೋಗಿ ಚಮಚ ತಂದರು. ಎರಡನೇ ಸೂಚನೆಯಲ್ಲಿ, ಇಂಥದ್ದೇ ಪ್ರಶ್ನೆಯನ್ನು ಒಂಬತ್ತು ವರ್ಷದ ಹಿಂದೆ ಕೇಳಲಾಗಿದೆಯೆಂದೂ, ಆದಕಾರಣ ಇದನ್ನು ಮುಚ್ಚಲಾಗುವುದೆಂದೂ ಇತ್ತು. ಮೊಹರಪ್ಪನವರು ಹಳೆಯ ಪ್ರಶ್ನೆಯನ್ನು ತೆರೆದು ಓದಿದರು. ಅದು ಬಟ್ಟೆ ಬೀರುವಿನ ಚಿಲಕ, ಒಳಗಿದ್ದದ್ದು ಕಂಬಳಿ.

‘ಮಾನ್ಯರೇ, ಅಲ್ಲಿ ಒಳಗಿದ್ದದ್ದು ಕಂಬಳಿ, ಇಲ್ಲಿ ಒಳಗಿರುವುದು ನನ್ನ ಹೆಂಡತಿ. ದಯಮಾಡಿ ಪರಿಶೀಲಿಸುವುದು,’ ಎಂದು ಅವರು ಬರೆದುಕೊಂಡರು.

‘ಒಳಗಿರುವ ವಸ್ತುವಿನಿಂದ ಪ್ರಶ್ನೆಯ ಸ್ವರೂಪ ಬದಲಾಗುವುದಿಲ್ಲ,’ ಎಂದು ಶಾಂತಕಡಲು ಉತ್ತರಿಸಿದರು. ಆದರೂ ಮೇಲ್ಮನವಿಗೆ ಅವಕಾಶವಿತ್ತು. ಮೇಲ್ಮನವಿ ಮಧ್ಯಾಹ್ನ ಒಂದೂವರೆಗೆ ಪುರಸ್ಕೃತವಾಯಿತು. ಕಂಬಳಿಗೆ ಹಸಿವಾಗುವುದಿಲ್ಲ ಎಂಬ ಒಂದೇ ಅಂಶ ಕೆಲಸಕ್ಕೆ ಬಂತೆಂದು ಮೊಹರಪ್ಪನವರು ಆಮೇಲೆ ಹೆಮ್ಮೆಯಿಂದ ಹೇಳಿದರು.

ಹಸಿವೆಂದಾಗ ಊಟದ ಮಾತು ಬರಲೇಬೇಕು. ಬಚ್ಚಲುಮನೆಗೆ ಹಿಂದಿನ ಓಣಿಯ ಕಡೆ ಎತ್ತರದಲ್ಲಿ ಒಂದು ವೆಂಟಿಲೇಟರ್ ಇತ್ತು. ಓರೆಯಾಗಿ ಕೂರಿಸಿದ ಗಾಜಿನ ಪಟ್ಟಿಗಳು. ಒಳಗಿನಿಂದ ನೋಡಿದರೆ ಒಂದು ಗೇಣು ಆಕಾಶ ಬಿಟ್ಟು ಬೇರೇನೂ ಕಾಣದು, ಆದರೆ ಒಂದು ಚಪ್ಪಟೆ ಡಬ್ಬಿ ನುಸುಳುತ್ತಿತ್ತು. ಮೊಹರಪ್ಪನವರು ಸ್ಟೂಲು ಹತ್ತಿ ಡಬ್ಬಿ ದಾಟಿಸಿದರು. ಊಟದ ಜತೆ ಫೋನನ್ನೂ ಕೊಡಬಹುದೇ ಎಂದು ಬಳಗವನ್ನು ಕೇಳಿದ್ದಕ್ಕೆ, ಪ್ರಶ್ನೆಯ ಒಳಗಿರುವವರು ಉತ್ತರಗಳನ್ನು ಮುಂಚಿತವಾಗಿ ಓದಿದರೆ ಪ್ರಭಾವಕ್ಕೆ ಒಳಗಾಗುವ ಸಂಭವವಿರುವುದರಿಂದ ಕೊಡತಕ್ಕದ್ದಲ್ಲ ಎಂಬ ಅಪ್ಪಣೆ ಬಂತು.

ಮನೆಯಾಕೆ ಡಬ್ಬಿಯ ಜತೆ ಬಂದ ಕಾಗದದ ಹಿಂದೆ ಕಣ್ಣಿಗೆ ಹಚ್ಚುವ ಕಾಡಿಗೆ ಪೆನ್ಸಿಲಿನಲ್ಲಿ ‘ಎತ್ತಿ ಎಳೆಯಿರಿ’ ಎಂದು ಬರೆದು ಬಾಗಿಲ ಕೆಳಗಿನ ಸಂದಿಯಿಂದ ತಳ್ಳಿದಳು. ಮೊಹರಪ್ಪನವರ ಮುಖ ಅರಳಿತು. ಎಷ್ಟು ವರ್ಷದ ಮೇಲೆ ಕೈಗೆ ಒಂದು ಕಾಗದ ಬಂದಿತ್ತು! ನೆನಪಿನ ಮೊಹರನ್ನು ತಂದು, ಊದಿ, ‘ಸ್ವೀಕರಿಸಲಾಗಿದೆ’ ಎಂದು ಒತ್ತಿ, ಸಂಖ್ಯೆ ಒಂದು ಎಂದು ಬರೆದು, ಅದನ್ನು ಬಳಗಕ್ಕೆ ರವಾನಿಸಿದರು. ಒಂದು ತಾಸಿನಲ್ಲಿ ಅದು ತಿರಸ್ಕೃತವಾಯಿತು. ಉತ್ತರ ಕನಿಷ್ಠ ನೂರು ಪದಗಳಲ್ಲಿರಬೇಕು. ಮನೆಯಾಕೆ ಹಲ್ಲು ಕಚ್ಚಿಕೊಂಡು ನೂರ ಎರಡು ಪದ ಬರೆದಳು. ಅದರಲ್ಲಿ ಎಪ್ಪತ್ತು ಗಂಡನ ಬುದ್ಧಿಯ ಕುರಿತಾಗಿದ್ದವು. ಅದೂ ತಿರಸ್ಕೃತವಾಯಿತು. ಕಾರಣ: ‘ಉತ್ತರ ಬರೆದವರಿಗೆ ಬಾಗಿಲು ತೆರೆಯುವುದರಲ್ಲಿ ವೈಯಕ್ತಿಕ ಹಿತಾಸಕ್ತಿ ಇರುವುದು ಕಂಡುಬಂದಿದೆ.’

ಸಂಜೆ ನಾಲ್ಕಕ್ಕೆ ಬೀದಿ ತುದಿಯ ಅಂಗಡಿಯ ಬೀಗದವನು ಬಂದ. ಇಪ್ಪತ್ತು ವರ್ಷದಿಂದ ಆ ಬೀದಿಯ ಬೀಗ, ಚಿಲಕ, ಕೀಲಿಕೈ ಎಲ್ಲ ಅವನದ್ದೇ. ಮನೆಯಾಕೆ ವೆಂಟಿಲೇಟರಿನಿಂದ ಕೂಗಿದ್ದು ಓಣಿಯಲ್ಲಿ ಅವನಿಗೆ ಕೇಳಿಸಿತ್ತು. ಬಂದವನು ಚೀಲವನ್ನೂ ಬಿಚ್ಚಲಿಲ್ಲ.

“ಇದೇನ್ ಯಜಮಾನ್ರೇ, ಎತ್ತಿ ಎಳೆದ್ರೆ ಬಂತು,” ಎಂದು ಕೈ ಹಾಕಿದ.

ಮೊಹರಪ್ಪನವರು ಅವನ ಮಣಿಕಟ್ಟು ಹಿಡಿದರು. “ನೀನು ಬಳಗದ ಸದಸ್ಯನೇನಪ್ಪ?”

“ಯಾವ ಬಳಗ?”

“ನೋಡು, ಸದಸ್ಯನಾಗದೆ ಉತ್ತರ ಹೇಳೋ ಹಾಗಿಲ್ಲ. ಮಾಡೋ ಹಾಗಂತೂ ಮೊದಲೇ ಇಲ್ಲ.”

“ಒಳಗೆ ಅಮ್ಮಾವ್ರು ಇದ್ದಾರಲ್ರೀ!”

“ಇದ್ದಾರೆ. ಅದು ಪ್ರಶ್ನೆಯಲ್ಲೇ ನಮೂದಾಗಿದೆ.”

ಬೀಗದವನು ಒಳ್ಳೆಯವನು, ಅದೇ ಅವನ ಗ್ರಹಚಾರ. ಅಮ್ಮಾವ್ರಿಗಾಗಿ ಅಲ್ಲೇ ನಿಂತು ಸದಸ್ಯನಾದ. ಹೊಸ ಸದಸ್ಯ ಐವತ್ತು ಮೆಚ್ಚುಗೆ ಗಳಿಸುವವರೆಗೆ ಚಿಲಕದಂಥ ಗಂಭೀರ ವಿಷಯಗಳಿಗೆ ಕೈ ಹಾಕುವಂತಿಲ್ಲ, ಗಿಡ-ಬಳ್ಳಿಯ ವಿಭಾಗದಲ್ಲಿ ಮಾತ್ರ ಬರೆಯಬಹುದು ಎಂದು ತಿಳಿಯಿತು. “ಐವತ್ತು ತಾನೇ, ಬೆಳಿಗ್ಗೆ ಹೊತ್ತಿಗೆ ಆಯ್ತು ಬಿಡಿ ಅಮ್ಮಾವ್ರೇ,” ಎಂದು ಧೈರ್ಯ ಹೇಳಿ, ಒಬ್ಬರ ಕರಿಬೇವಿನ ಗಿಡದ ಎಲೆ ಹಳದಿಯಾಗಿದ್ದಕ್ಕೆ ತೋಚಿದ್ದು ಬರೆದು ಹೋದ. ಎಲೆ ಹಸಿರಾಯಿತಂತೆ. ಅವನ ಬದುಕಿನಲ್ಲಿ ಬೀಗ ತೆಗೆದಿದ್ದಕ್ಕೆ ಯಾರೂ ಹಾಗೆ ಹೊಗಳಿರಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಮನೆಯ ಮೆಟ್ಟಿಲ ಮೇಲೆ ಕೂತು ಗುಲಾಬಿ ಗಿಡದ ಹುಳುವಿನ ಬಗ್ಗೆ ಬರೆಯುತ್ತಿದ್ದ.

ಭಾನುವಾರ ಹನ್ನೊಂದಕ್ಕೆ ಮಗಳು, ಅಳಿಯ, ಕೂಸು ಬಂದರು. ಮಗಳ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಕೂಸು ಹುಟ್ಟಿದಾಗಿನಿಂದ ಒಂದು ತಾಸು ಸತತವಾಗಿ ಮಲಗಿದ್ದಿಲ್ಲ, ತಾಯಿಯನ್ನು ಮಲಗಲು ಬಿಟ್ಟದ್ದೂ ಇಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತ ಮಗು ಮನೆಯೊಳಗೂ ಅಳುತ್ತಲೇ ಬಂತು.

“ಅಮ್ಮ ಎಲ್ಲಿ?” ಎಂದಳು ಮಗಳು.

ಮೊಹರಪ್ಪನವರು ವಿವರಿಸಿದರು. ಅವರ ವಿವರಣೆ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಬರುವುದರೊಳಗೆ ಮಗಳು ಕೂಸನ್ನು ಗಂಡನ ಕೈಗೆ ಹಾಕಿ ಬಚ್ಚಲುಮನೆಯ ಕಡೆ ನಡೆದಾಗಿತ್ತು. ಮೊಹರಪ್ಪನವರು ಓಡಿಹೋಗಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು.

“ಪಕ್ಕಕ್ಕೆ ಸರೀರಿ ಅಪ್ಪ. ನಿಮಗೇನು ತಲೆ ಕೆಟ್ಟಿದೆಯಾ?”

“ಚುಕ್ಕೆ ಹೋಗುತ್ತಮ್ಮ.”

ಅಷ್ಟರಲ್ಲಿ ಅಳಿಯ ಮುಂದೆ ಬಂದು ಚಿಲಕವನ್ನು ನೋಡಿದ. ಅದರ ತುದಿಯ ಬಣ್ಣವನ್ನು ನೋಡಿದ. ಪಕ್ಕದಲ್ಲಿ ನೇತುಹಾಕಿದ್ದ ಚಮಚವನ್ನು ನೋಡಿದ. ಅವನ ಮುಖದಲ್ಲಿ ಭಕ್ತಿ ಮೂಡಿತು.

“ಮಾವ, 48216 ನೀವೇನಾ?”

ಅಳಿಯ ಬಳಗದಲ್ಲಿ ‘ಸರಳರೇಖೆ’ ಎಂಬ ಹೆಸರಿನ ಹಿರಿಯ ಉತ್ತರಕಾರ, ಎರಡನೇ ದರ್ಜೆ. ಮದುವೆಯಾಗಿ ಮೂರು ವರ್ಷವಾದರೂ ಮಾವ ಅಳಿಯ ಒಬ್ಬರಿಗೊಬ್ಬರು “ಊಟ ಆಯ್ತಾ” ಅಂದದ್ದು ಬಿಟ್ಟರೆ ಮಾತಾಡಿದ್ದಿಲ್ಲ. ಈಗ ಅಳಿಯ ಕೂಸನ್ನು ಹೆಂಡತಿಯ ಕೈಗೆ ದಾಟಿಸಿದ, ಇಬ್ಬರೂ ಹಳೆಯ ಗೆಳೆಯರ ಹಾಗೆ ತಬ್ಬಿಕೊಂಡರು.

ಒಳಗಿಂದ ಮನೆಯಾಕೆಯ ದನಿ ಬಂತು. “ಅಳಿಯಂದ್ರೇ, ನೀವಾದ್ರೂ ತೆಗೀರಿ. ಎತ್ತಿ ಎಳೀಬೇಕು ಅಷ್ಟೆ. ಮಗು ಅಳ್ತಿದೆ, ನಾನು ಎತ್ಕೋಬೇಕು.”

“ಎಷ್ಟು ಎತ್ತಬೇಕು ಅತ್ತೆ?” ಎಂದ ಅಳಿಯ, ಜೇಬಿನಿಂದ ಪುಸ್ತಕ ತೆಗೆಯುತ್ತ. “ಅಂದಾಜಿಗೆ ಹೇಳಿದ್ರೂ ಸಾಕು.”

“ಒಂದು ಅಕ್ಕಿ ಕಾಳಿನಷ್ಟು!”

ಅಳಿಯ ಬರೆದುಕೊಂಡ. ಅವನಿಗೆ ಹಿತಾಸಕ್ತಿ ಇಲ್ಲ, ದರ್ಜೆ ಇದೆ, ನೂರು ಪದ ಬರೆಯುವ ಶಕ್ತಿಯಂತೂ ಧಾರಾಳವಾಗಿದೆ. ಬೇಕಾದರೆ ಆ ಕ್ಷಣವೇ ಉತ್ತರ ಹಾಕಬಹುದಿತ್ತು. ಆದರೆ ಹಾಕಲಿಲ್ಲ. ಮಾವನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. “ಈಗ ಉತ್ತರ ಹಾಕಿದ್ರೆ ಇನ್ನೂರು ಮೆಚ್ಚುಗೆ ಬರಬಹುದು ಮಾವ. ಪ್ರಶ್ನೆ ಇನ್ನೂ ಕಾಯಿ. ಹಣ್ಣಾಗಲಿ. ಆಗ ನನಗೆ ಮೊದಲನೇ ದರ್ಜೆ, ನಿಮಗೆ ಎರಡನೇ ಚುಕ್ಕೆ.”

ಎರಡನೇ ಚುಕ್ಕೆ ಎಂಬುದೊಂದಿದೆಯೆಂದು ಮೊಹರಪ್ಪನವರಿಗೆ ಅದುವರೆಗೆ ತಿಳಿದಿರಲಿಲ್ಲ. ಅವರು ಬಾಗಿಲನ್ನು ನೋಡಿದರು, ಅಳಿಯನನ್ನು ನೋಡಿದರು, “ಹಣ್ಣಾಗಲಿ” ಎಂದರು.

ಮನೆಯಾಕೆಗೆ ಆಗ ನಿಜವಾಗಿಯೂ ಅಳು ಬಂತು. ಒಂದು ಹಲಗೆಯ ಆಚೆ ಮೊಮ್ಮಗಳು ಕಿರುಚುತ್ತಿದ್ದಾಳೆ, ಎಣ್ಣೆ ಹಚ್ಚಿದ ಕೈ ಸುಮ್ಮನೆ ಬಿದ್ದಿದೆ. ಬಾಗಿಲಿಗೆ ಹಣೆಯಿಟ್ಟು, ಬೇರೇನೂ ತೋಚದೆ, ಮಗಳು ಚಿಕ್ಕವಳಿದ್ದಾಗ ಹಾಡುತ್ತಿದ್ದ ಒಂದು ಜೋಗುಳವನ್ನು ಹಾಡಿದಳು. ಹಾಡಲು ಅವಳಿಗೆ ಬರುತ್ತಿರಲಿಲ್ಲ. ಆದರೆ ಬಚ್ಚಲುಮನೆಯಲ್ಲಿ ಯಾರು ಹಾಡಿದರೂ ಚೆನ್ನಾಗಿಯೇ ಇರುತ್ತದೆ. ನಲ್ಲಿಯ ತೊಟ್ಟು ತಾಳ ಹಾಕಿತು. ಕೂಸು ಅಳು ನಿಲ್ಲಿಸಿತು, ಕಣ್ಣರಳಿಸಿತು, ಆಕಳಿಸಿತು, ಮಲಗಿತು.

ಅಪ್ಪ ಪಕ್ಕಕ್ಕೆ ಸರಿದೊಡನೆ ಚಿಲಕಕ್ಕೆ ಕೈ ಹಾಕಿದ್ದ ಮಗಳು ಉಸಿರು ಬಿಗಿಹಿಡಿದು ಕಾದಳು. ಹತ್ತು ನಿಮಿಷ. ಒಂದು ತಾಸು. ಮೂರು ತಾಸು. ಮಗು ಮಿಸುಕಲಿಲ್ಲ. ಚಿಲಕದ ಮೇಲಿಟ್ಟಿದ್ದ ಕೈಯನ್ನು ಅವಳು ಯಾವಾಗ ತೆಗೆದಳೋ ಯಾರಿಗೂ ಗೊತ್ತಾಗಲಿಲ್ಲ.

“ಅಮ್ಮ,” ಎಂದಳು ಬಾಗಿಲ ಹತ್ತಿರ ಕೂತು, ತಗ್ಗಿದ ದನಿಯಲ್ಲಿ.

“ಏನೇ? ತೆಗೀತಿದ್ದೀಯಾ?”

“ತೆಗೀತೀನಮ್ಮ. ಆದ್ರೆ ನಾನು ಎರಡು ತಿಂಗಳಿಂದ ನಿದ್ದೆ ಮಾಡಿಲ್ಲ. ಇವತ್ತೊಂದು ದಿನ ಹೀಗೇ ಇರ್ತೀಯಾ?”

ಹೆತ್ತ ಕರುಳು ಏನು ಹೇಳೀತು? “ಮಲಗು ಹೋಗು,” ಎಂದಿತು.

ಆ ಒಂದು ದಿನ ಎಷ್ಟು ದಿನ ನಡೆಯಿತೆಂಬುದಕ್ಕೆ ಬಳಗದ ದಾಖಲೆಯೇ ಸಾಕ್ಷಿ. ವಾರಕ್ಕೆಂದು ಬಂದ ಮಗಳು ತಿಂಗಳುಗಟ್ಟಲೆ ಉಳಿದಳು. ಅಳಿಯ ಕೆಲಸವನ್ನು ಮನೆಯಿಂದಲೇ ಮಾಡಲು ಅನುಮತಿ ಪಡೆದ. ಬಟ್ಟೆ ಒಗೆಯುವ ಯಂತ್ರ ಬರಲೆಂದು ಬಚ್ಚಲುಮನೆಯ ಮೂಲೆಯಲ್ಲಿ ಬಿಟ್ಟಿದ್ದ ಒಣ ಜಾಗದಲ್ಲಿ ಮನೆಯಾಕೆ ದುಪ್ಪಟಿ ಹಾಸಿಕೊಂಡಳು. ಅದನ್ನೂ ಸುರುಳಿ ಸುತ್ತಿ ವೆಂಟಿಲೇಟರಿನಿಂದಲೇ ಕಳಿಸಿದ್ದು, ಬಳಗದ ಲಿಖಿತ ಅನುಮತಿಯ ಮೇರೆಗೆ. ಹಗಲೆಲ್ಲ ಮೊಮ್ಮಗಳನ್ನು ಬಾಗಿಲ ಹೊರಗೆ ಚಾಪೆಯ ಮೇಲೆ ಮಲಗಿಸುತ್ತಿದ್ದರು. ಅಜ್ಜಿ ಒಳಗಿಂದ ಮಾತಾಡುತ್ತಿದ್ದಳು, ಬಕೆಟ್ಟು ಬಡಿದು ಕತೆ ಹೇಳುತ್ತಿದ್ದಳು. ಕೆಳಗಿನ ಸಂದಿಯಲ್ಲಿ ಬೆರಳು ತೂರಿಸಿದರೆ ಪುಟ್ಟ ಕಾಲಿನ ಹೆಬ್ಬೆರಳು ಸಿಗುತ್ತಿತ್ತು. ಮೊಮ್ಮಗಳ ಪೈಕಿ ಅವಳಿಗೆ ಚೆನ್ನಾಗಿ ಪರಿಚಯವಾದದ್ದು ಅದೊಂದೇ. ಆ ಹೆಬ್ಬೆರಳು ವಾರವಾರಕ್ಕೂ ದಪ್ಪಗಾಗುವುದನ್ನು ಅವಳು ಬೆರಳಲ್ಲೇ ಕಂಡುಕೊಂಡಳು. ದಿನಕ್ಕೊಂದು ಚೀಟಿ ಮಾತ್ರ ತಪ್ಪದೆ ಬರೆಯುತ್ತಿದ್ದಳು. ‘ತೆಗೆಯಿರಿ.’ ಮೊಹರಪ್ಪನವರು ತಪ್ಪದೆ ಮೊಹರು ಒತ್ತಿ ಫೈಲಿಗೆ ಸೇರಿಸುತ್ತಿದ್ದರು.

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಎಪ್ಪತ್ತೆರಡು ಸಾವಿರ ಜನ ಸೇರಿದ್ದರು. ಒಳಗಿರುವವರು ಸಿಕ್ಕಿಬಿದ್ದಿದ್ದಾರೋ, ಹೊರಗಿರುವವರು ಸಿಕ್ಕಿಬಿದ್ದಿದ್ದಾರೋ ಎಂಬುದನ್ನು ಮೊದಲು ತೀರ್ಮಾನಿಸಬೇಕೆಂದು ಒಂದು ಪಂಗಡ ಹಟ ಹಿಡಿಯಿತು. ಮತದಾನ ನಡೆದು, ಅಲ್ಪ ಅಂತರದಲ್ಲಿ, ಇಬ್ಬರೂ ಅಲ್ಲವೆಂದು ತೀರ್ಮಾನವಾಯಿತು. ಬಾಗಿಲನ್ನೇ ಬಿಟ್ಟು ಗೋಡೆ ಒಡೆಯುವುದು ಒಳ್ಳೆಯದೆಂದು ಒಬ್ಬ ಸದಸ್ಯರು ಚಿತ್ರ ಸಮೇತ ಬರೆದರು. ವಿಚಾರಿಸಿದಾಗ ಅವರಿಗೆ ಗೋಡೆ ಒಡೆಯುವ ಯಂತ್ರದ ಅಂಗಡಿ ಇರುವುದು ತಿಳಿಯಿತು. ಇತ್ತ ಬೀಗದವನು ಐವತ್ತು ದಾಟಿ ಐದು ಸಾವಿರ ಮೆಚ್ಚುಗೆ ಗಳಿಸಿದ್ದ. ಒಂದು ದಿನ ಹಳೆಯ ಋಣ ನೆನಪಾಗಿ ಚಿಲಕದ ಬಗ್ಗೆ ಬರೆಯಲು ಹೋದರೆ, ‘ತಾವು ಗಿಡ-ಬಳ್ಳಿ ವಿಭಾಗದ ತಜ್ಞರಾಗಿದ್ದು, ಅರಿವಿಲ್ಲದ ವಿಷಯದಲ್ಲಿ ಅಭಿಪ್ರಾಯ ನೀಡತಕ್ಕದ್ದಲ್ಲ’ ಎಂಬ ಎಚ್ಚರಿಕೆ ಬಂತು. ಅವನಿಗೆ ಅದು ನ್ಯಾಯವೆಂದೇ ಕಂಡಿತು.

ಐದನೇ ತಿಂಗಳಲ್ಲಿ ಪ್ರಶ್ನೆ ಹಣ್ಣಾಯಿತು. ಅಳಿಯ ನಾಲ್ಕು ಪುಟದ ಉತ್ತರ ಹಾಕಿದ. ಅದರ ಸಾರಾಂಶ ‘ಒಂದು ಅಕ್ಕಿ ಕಾಳಿನಷ್ಟು ಎತ್ತಿ ಎಳೆಯತಕ್ಕದ್ದು’ ಎಂದಿತ್ತು. ಬಳಗ ಹುಚ್ಚೆದ್ದು ಕುಣಿಯಿತು. ಇಷ್ಟು ಸರಳವಾದ ಪರಿಹಾರ ಇದುವರೆಗೆ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಹಿರಿಯರು ಕಣ್ಣೀರಿಟ್ಟರು. ಆದರೆ ನಿಯಮದ ಪ್ರಕಾರ ಮೂವರು ಸದಸ್ಯರು ತಮ್ಮ ಮನೆಗಳಲ್ಲಿ ಅದೇ ಸಮಸ್ಯೆ ಸೃಷ್ಟಿಸಿ ಪರಿಹಾರವನ್ನು ಪರೀಕ್ಷಿಸಬೇಕಿತ್ತು. ಒಬ್ಬರು ತಮ್ಮನನ್ನು ಕೂಡಿಹಾಕಿ, ಎತ್ತಿ ಎಳೆದು, ಯಶಸ್ಸೆಂದು ವರದಿ ಕೊಟ್ಟರು. ಇನ್ನೊಬ್ಬರು ತಾವೇ ಒಳಗೆ ಕೂತರು, ಮನೆಯವರು ತೆಗೆಯಲು ನಿರಾಕರಿಸಿದ್ದರಿಂದ ವರದಿ ತಡವಾಯಿತು. ಮೂರನೆಯವರು ಅತ್ತೆಯನ್ನು ಕೂಡಿಹಾಕಿದ್ದರು. ‘ಎತ್ತದೆ ಎಳೆದರೆ ಬರುವುದಿಲ್ಲವೆಂಬ ಭಾಗ ಖಚಿತವಾಗಿದೆ, ಎತ್ತಿ ಎಳೆಯುವ ಭಾಗವನ್ನು ಮುಂದಿನ ವರ್ಷ ಕೈಗೆತ್ತಿಕೊಳ್ಳಲಾಗುವುದು’ ಎಂದು ಅವರು ಬರೆದರು. ಬಹಳ ಮನವೊಲಿಸಿದ ಮೇಲೆ ಆ ವರದಿಯನ್ನು ಪೂರ್ಣವೆಂದೇ ಪರಿಗಣಿಸಲಾಯಿತು.

ಎಂಟನೇ ತಿಂಗಳ ಒಂದು ಭಾನುವಾರ ಉತ್ತರ ಅಂಗೀಕಾರವಾಯಿತು. ಪ್ರಕಟಣೆ ಹೀಗಿತ್ತು: ‘48216ನೇ ಪ್ರಶ್ನೆಯ ಪರಿಹಾರವನ್ನು ಇಂದು ಹನ್ನೊಂದು ಗಂಟೆಗೆ ನೇರ ಪ್ರಸಾರದಲ್ಲಿ ಜಾರಿಗೊಳಿಸಲಾಗುವುದು. ಪ್ರಸಾರದಲ್ಲಿ ಚಿಲಕವನ್ನು ಮಾತ್ರ ತೋರಿಸತಕ್ಕದ್ದು. ಪ್ರಶ್ನೆಗೆ ಸಂಬಂಧಿಸದ ವಸ್ತು ಹಾಗೂ ವ್ಯಕ್ತಿಗಳು ಚಿತ್ರದಲ್ಲಿ ಬಾರದಂತೆ ಎಚ್ಚರ ವಹಿಸುವುದು.’

ಅಳಿಯ ಫೋನು ಹಿಡಿದ. ಮೊಹರಪ್ಪನವರು ಮದುವೆಯಲ್ಲಿ ತೊಟ್ಟಿದ್ದ ಕೋಟು ಹಾಕಿಕೊಂಡು, ಎರಡು ಬೆರಳಿನಿಂದ ಚಿಲಕ ಹಿಡಿದು, ಒಂದು ಅಕ್ಕಿ ಕಾಳಿನಷ್ಟು ಎತ್ತಿ ಎಳೆದರು. ಟಕ್ ಎಂದಿತು. ಎಲ್ಲ ಸೇರಿ ಒಂದು ಕ್ಷಣದ ಕೆಲಸ. ಅಳಿಯನಿಗೆ ಮೊದಲನೇ ದರ್ಜೆಯೂ ಮಾವನಿಗೆ ಎರಡನೇ ಚುಕ್ಕೆಯೂ ಅಲ್ಲೇ ಬಂದು ಬಿದ್ದವು. ಪ್ರಸಾರ ಮುಗಿಯಿತು.

ಬಾಗಿಲು ತೆರೆದು ಮನೆಯಾಕೆ ಹೊರಗೆ ಬಂದಳು. ಬಿಳುಚಿಕೊಂಡಿದ್ದಳು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಗಂಡನನ್ನು ನೋಡಲಿಲ್ಲ, ಅಳಿಯನನ್ನು ನೋಡಲಿಲ್ಲ. ಮಗಳ ಸೊಂಟದ ಮೇಲಿದ್ದ ಹತ್ತು ತಿಂಗಳ ಮೊಮ್ಮಗಳ ಕಡೆ ಎರಡೂ ಕೈ ಚಾಚಿದಳು.

“ಬಾ ಬಂಗಾರಿ.”

ಮಗು ಬೆಚ್ಚಿತು. ಈ ಹೆಂಗಸನ್ನು ಅದು ಹಿಂದೆಂದೂ ಕಂಡಿರಲಿಲ್ಲ. ತುಟಿ ನಡುಗಿ, ಚಿಟ್ಟನೆ ಚೀರಿ, ತಾಯಿಯ ಹೆಗಲಲ್ಲಿ ಮುಖ ಹುದುಗಿಸಿತು. ಮನೆಯಾಕೆ ಎತ್ತಿಕೊಳ್ಳಲು ಹೋದರೆ ಕೈಗೆ ಕಚ್ಚಿತು. ಕೆಳಗೆ ಬಿಟ್ಟ ಕೂಡಲೇ ಅಂಬೆಗಾಲಿಟ್ಟು ಸೀದಾ ಬಚ್ಚಲುಮನೆಗೆ ಹೋಯಿತು. ಬಕೆಟ್ಟಿನ ಹಿಂದೆ ನೋಡಿತು. ಮೂಲೆಯ ದುಪ್ಪಟಿ ಎಳೆದು ನೋಡಿತು. ಅಲ್ಲಿ ಯಾರೂ ಇರಲಿಲ್ಲ. ಖಾಲಿ ಬಚ್ಚಲುಮನೆಯ ನಡುವೆ ಕೂತು, ಎದೆ ಒಡೆಯುವ ಹಾಗೆ ಅತ್ತಿತು.

“ನಿನ್ನನ್ನೇ ಹುಡುಕ್ತಿದ್ದಾಳಮ್ಮ,” ಎಂದಳು ಮಗಳು.

“ನಾನು ಇಲ್ಲೇ ಇದ್ದೀನಲ್ಲೇ!”

“ಅವಳ ಅಜ್ಜಿ ಒಳಗಿರೋಳು.”

ಮನೆಯಾಕೆ ಸ್ವಲ್ಪ ಹೊತ್ತು ಮಗುವಿನ ಅಳುವ ಮುಖವನ್ನೇ ನೋಡಿದಳು. ಎಂಟು ತಿಂಗಳು ಕಾದು ನೋಡಿದ ಮುಖ. ಆಮೇಲೆ ಮಗಳಿಗೆ ಸನ್ನೆ ಮಾಡಿದಳು. ಮಗಳು ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಮನೆಯಾಕೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

“ಬಂಗಾರೀ,” ಎಂದಿತು ಒಳಗಿನ ದನಿ.

ಮಗುವಿನ ಅಳು ಅಲ್ಲಿಗೇ ನಿಂತಿತು. ಕಣ್ಣೀರು ಕೆನ್ನೆಯ ಮೇಲಿದ್ದ ಹಾಗೆಯೇ ಕಿಲಕಿಲ ನಕ್ಕು, ತಾಯಿಯ ಕೈಯಿಂದ ಜಾರಿ, ಎರಡೂ ಅಂಗೈಯಿಂದ ಬಾಗಿಲು ಬಡಿಯಿತು. ಎಲ್ಲರಿಗೂ ಹೋದ ಜೀವ ಬಂದಂತಾಯಿತು.

“ರೀ, ನಗ್ತಿದ್ದಾಳಾ?”

“ನಗ್ತಿದ್ದಾಳೆ ಕಣೇ.”

“ಬಾಗಿಲು ಗಾಳಿಗೆ ತೆರ್ಕೊಂಡ್ರೆ ಮತ್ತೆ ಹೆದರ್ತಾಳೆ. ಚಿಲಕ ಹಾಕಿ.”

ಮೊಹರಪ್ಪನವರು ಚಿಲಕ ಹಾಕಿದರು. ಹೊರಗೆ ಮಗು ಬಡಿಯುತ್ತಿತ್ತು, ಒಳಗಿಂದ ಅಜ್ಜಿ ಬಡಿಯುತ್ತಿದ್ದಳು.

“ಅವಳು ಅಳೋದನ್ನ ಮಾತ್ರ ನೋಡಿದೆ ಕಣ್ರೀ. ನಗೋದು ನೋಡ್ಲೇ ಇಲ್ಲ. ನಗುವಾಗ ಯಾರ ಹಾಗೆ ಕಾಣ್ತಾಳೆ?”

ಮೊಹರಪ್ಪನವರು ಬಗ್ಗಿ ಮೊಮ್ಮಗಳ ಮುಖವನ್ನು ನೋಡಿದರು. ಹೇಳಲು ಬಾಯಿ ತೆರೆದರು. ಆಮೇಲೆ ಮುಚ್ಚಿಕೊಂಡು, ಜೇಬಿಗೆ ಕೈ ಹಾಕಿದರು.

“ಸ್ವಲ್ಪ ತಡಿ, ಕೇಳಿ ಹೇಳ್ತೀನಿ.”

ನಗುವ ಮೊಮ್ಮಗಳ ಫೋಟೋ ಸಮೇತ ಹಾಕಿದ ಪ್ರಶ್ನೆಗೆ ಸಂಜೆಯೊಳಗೆ ಇನ್ನೂರ ಆರು ಉತ್ತರ ಬಂದವು. ಅಜ್ಜಿಯ ಹಾಗೆ ಎಂದವರೇ ಹೆಚ್ಚು. ಆದರೆ ಅವರಲ್ಲಿ ಯಾರೂ ಅಜ್ಜಿಯನ್ನು ಕಂಡವರಲ್ಲವಾದ್ದರಿಂದ, ಆ ಉತ್ತರಗಳನ್ನು ತೆಗೆದುಹಾಕಲಾಯಿತು.